ಯಂತ್ರ ಹಿಡಿಯದ ಹೊಗೆ

ಸಿಂದಗಿ
೨೦ ಮಾರ್ಚ್ ೨೦೨೫

ಪ್ರೀತಿಯ ಗೆಳತಿ ಜಯಮಾಲಾಗೆ,

ನಿನ್ನ ಎರಡು ಪತ್ರಗಳು ಬಂದು ನನ್ನ ದಿಂಬಿನ ಕೆಳಗೆ ಮಲಗಿವೆ. ಎರಡನೆಯದರಲ್ಲಿ “ಬೀಗತಿ ಆದ ಮೇಲೆ ಗೆಳತಿ ಸತ್ತಳೇನು?” ಎಂದು ಕೇಳಿದ್ದೀ. ಸತ್ತಿಲ್ಲ ನಮ್ಮವ್ವಾ, ಬದುಕಿದ್ದೇನೆ. ಕೈಗೆ ಬಿಡುವಿರಲಿಲ್ಲ; ಅದಕ್ಕಿಂತ ಹೆಚ್ಚಾಗಿ ಮನಸ್ಸು ಒಂದು ಕಡೆ ಕೂತಿರಲಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಕಿವಿಯ ಮಷೀನು ಸೀಟಿ ಹೊಡೆಯುತ್ತದೆ. ಹೋದ ಸಲ ನಾನು “ಎಲ್ಲಾರೂ ಆರಾಮ ಅದೇವಿ” ಅಂದರೆ ನೀನು “ಯಾವ ರಾಮ?” ಅಂದೆ. ಹಾಗಾಗಿ ನಮಗಿಬ್ಬರಿಗೂ ಕಾಗದವೇ ಸರಿ. ಬಾಗೇವಾಡಿಯ ಹೆಣ್ಣುಮಕ್ಕಳ ಸಾಲೆಯಲ್ಲಿ ಒಂದೇ ಬೆಂಚಿನ ಮೇಲೆ ಕೂತು ಚೀಟಿ ಬರೆದುಕೊಳ್ಳುತ್ತಿದ್ದವರು ನಾವು, ಈಗ ಅಂಚೆಯವನ ಕೈಯಲ್ಲಿ ಕಳಿಸುತ್ತಿದ್ದೇವೆ, ಅಷ್ಟೇ ವ್ಯತ್ಯಾಸ. ತಡವಾದದ್ದಕ್ಕೆ ಸಿಟ್ಟು ಮಾಡಬೇಡ. ಮಾಡಿದ್ದರೆ ಈ ಪತ್ರ ಓದಿ ಮುಗಿಸುವವರೆಗೆ ಬದಿಗಿಡು.

ಬಸ್ಸಿನಲ್ಲಿ ಯಾರೋ “ನಿಮ್ಮ ಬೀಗರು ದವಾಖಾನೆ ಸೇರಿದ್ದರಂತೆ” ಎಂದು ನಿನಗೆ ಹೇಳಿದರೆಂದು ಬರೆದಿದ್ದೀ. ಆ ಮಾತು ನಿಜ. ಆದರೆ ಮೊದಲು ಒಳ್ಳೆಯ ಸುದ್ದಿ ಕೇಳು: ಇವರು ಮನೆಗೆ ಬಂದಿದ್ದಾರೆ, ಚೆನ್ನಾಗಿದ್ದಾರೆ. ಮುಂಜಾನೆ ಕಟ್ಟೆಯ ಮೇಲೆ ಕೂತು ಪೇಪರು ಓದುತ್ತಾರೆ, ಕಟಕ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೊಟ್ಟರೆ “ನಾ ಏನ್ ಹಲ್ಲಿಲ್ಲದ ಮುದುಕ ಏನ?” ಎಂದು ಜಗಳ ತೆಗೆಯುತ್ತಾರೆ. ಜಗಳ ತೆಗೆಯುವಷ್ಟು ಉಸಿರು ಬಂದಿದೆಯಲ್ಲ ಎಂದು ನಾನು ಒಳಗೊಳಗೇ ಕೈ ಮುಗಿಯುತ್ತೇನೆ. ತೊಗರಿ ಬಜಾರಿನ ಧೂಳನ್ನು ಇಡೀ ಆಯುಷ್ಯ ಕುಡಿದ ಎದೆ ಅದು. ಎಪಿಎಂಸಿಯಲ್ಲಿ ಪರಪ್ಪ ಸಾವಕಾರರ ದಮ್ಮಿನ ಕೆಮ್ಮು ಕೇಳಿಯೇ ಜನ ಅಂಗಡಿ ತೆರೆದಿದೆ ಎಂದು ತಿಳಿಯುತ್ತಿದ್ದರಂತೆ. ಈಗ ಬಜಾರಿಗೆ ಹೋಗುವುದು ಬೇಡವೆಂದು ಡಾಕ್ಟರು ಹೇಳಿದ್ದಾರೆ. ಬಜಾರೇ ಮನೆಗೆ ಬರುತ್ತಿದೆ, ದಿನವೂ ನಾಲ್ಕು ಮಂದಿ ನೋಡಲು ಬರುತ್ತಾರೆ, ನನ್ನ ಚಹಾದ ಪಾತ್ರೆ ಒಲೆ ಇಳಿದದ್ದೇ ಇಲ್ಲ.

ಜಯಾ, ಇವರು ಇಂದು ಕಟ್ಟೆಯ ಮೇಲೆ ಕೂತಿರುವುದು ನಿನ್ನ ಮಗಳು ವಿದ್ಯಾಳಿಂದ. ಇದನ್ನು ಹೇಳುವುದಕ್ಕೇ ಪತ್ರ ಬರೆಯುತ್ತಿದ್ದೇನೆ. ನೀನು ಅವಳನ್ನು ಹೆತ್ತದ್ದಕ್ಕೆ, ಊರೆಲ್ಲ “ಹುಡಿಗಿಗೆ ಯಾಕ ಮೋಟರಿನ ಕಲಿಕಿ?” ಎಂದಾಗ ಕೇಳಿಸಿಕೊಳ್ಳದೆ ಅವಳನ್ನು ವಿಜಯಪುರಕ್ಕೆ ಆಟೊಮೊಬೈಲ್ ಡಿಪ್ಲೊಮಾ ಓದಲು ಕಳಿಸಿದ್ದಕ್ಕೆ, ನಾನು ನಿನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಳ್ಳಬೇಕು. ಕಾಗದದ ಮೇಲೆ ಅದು ಆಗುವುದಿಲ್ಲವಾದ್ದರಿಂದ ನಡೆದದ್ದನ್ನೆಲ್ಲ ಮೊದಲಿನಿಂದ ಬರೆಯುತ್ತೇನೆ.

ನಿನ್ನ ಅಳಿಯ, ನಮ್ಮ ಸಂಗಮೇಶನ ಡೀಸೆಲ್ ಕಾರು ನಿನಗೆ ಗೊತ್ತು. ಬೀಜದ ಕಂಪನಿಯ ಕೆಲಸವೆಂದರೆ ಕಾಲಿಗೆ ಚಕ್ರ ಕಟ್ಟಿಕೊಂಡ ಕೆಲಸ. ಇವತ್ತು ಹೊರ್ತಿ, ನಾಳೆ ಇಂಡಿ, ಮರುದಿನ ನಿಮ್ಮ ಮುದ್ದೇಬಿಹಾಳದ ಕಡೆ. ದೀಪಾವಳಿ ಕಳೆದ ಮೇಲೆ ಆ ಕಾರು ಮೊಂಡಾಟ ಶುರು ಮಾಡಿತು. ಏರು ಬಂದರೆ ಎಳೆಯುವುದಿಲ್ಲ, ಮುಂದಿನ ಗಾಜಿನ ಕೆಳಗೆ ಒಂದು ಹಳದಿ ದೀಪ ಆರುವುದಿಲ್ಲ. ದೊಡ್ಡ ಸರ್ವಿಸಿನವರು ನೋಡಿ, ಕನ್ವರ್ಟರ್ ಕಟ್ಟಿಕೊಂಡಿದೆ, ಹೊಸದು ಹಾಕಿಸಬೇಕು ಎಂದರು. ಕ್ಯಾಟಲಿಟಿಕ್ ಕನ್ವರ್ಟರ್ ಎಂಬ ಇಡೀ ಹೆಸರು ನನ್ನ ನಾಲಿಗೆಗೆ ಹೊಂದುವುದಿಲ್ಲ, ಮನೆಯಲ್ಲಿ ಎಲ್ಲರೂ ಬರೀ ಕನ್ವರ್ಟರ್ ಅನ್ನುತ್ತೇವೆ. ಅದು ಏನು ಎಂದು ವಿದ್ಯಾ ನನಗೆ ಒಂದು ದಿನ ಪಲ್ಯ ಹೆಚ್ಚುತ್ತಾ ತಿಳಿಸಿ ಹೇಳಿದಳು. ಇಂಜಿನ್ನಿನಿಂದ ಹೊಗೆ ಹೊರಗೆ ಹೋಗುವ ಪೈಪಿನ ನಡುವೆ ಒಂದು ಡಬ್ಬಿ ಇರುತ್ತದಂತೆ. ಅದರೊಳಗೆ ಜೇನುಹುಟ್ಟಿನ ಹಾಗೆ ಸಣ್ಣ ಸಣ್ಣ ತೂತುಗಳ ಒಂದು ಗಟ್ಟಿ. ಹೊಗೆಯಲ್ಲಿರುವ ಕೆಟ್ಟದ್ದು ಆ ತೂತುಗಳಲ್ಲಿ ಹಾಯುವಾಗ ಬಹುಪಾಲು ಸುಟ್ಟು ಹೋಗುತ್ತದೆ. ಡಬ್ಬಿ ಇಲ್ಲದಿದ್ದರೆ ಅದೆಲ್ಲ ಹಾಗೆಯೇ ಬೀದಿಗೆ ಬೀಳುತ್ತದೆ.

ಹೊಸ ಕನ್ವರ್ಟರಿಗೆ ಬಹಳ ಖರ್ಚು, ಬರುವುದಕ್ಕೂ ತಡ. ಅಷ್ಟರಲ್ಲಿ ಇಂಡಿಯಲ್ಲಿ ಒಬ್ಬ ಮೆಕ್ಯಾನಿಕ್ ಸಿಕ್ಕ. “ಆ ಡಬ್ಬಿ ತಗದು ನೆಟ್ಟಗ ಒಂದ್ ಪೈಪ್ ಹಚ್ಚಿಕೊಡ್ತೇನ್ರಿ ಸರ. ಗಾಡಿ ಕುದರಿ ಆಗ್ತೈತಿ. ಎಲ್ಲಾರೂ ತಗಸಾಕತ್ತಾರ,” ಎಂದನಂತೆ. ಇವನು ಹೂಂ ಅಂದ. ವಿದ್ಯಾ ಆಗ ಊರಲ್ಲಿರಲಿಲ್ಲ. ಜನವರಿಯಲ್ಲಿ ನಿನ್ನ ಕಿವಿ ತೋರಿಸಲೆಂದು ನಿನ್ನ ಹತ್ತಿರ ಬಂದಿದ್ದಳಲ್ಲ, ಅದೇ ವಾರ. ಕಾರು ನಿಜವಾಗಿಯೂ ಕುದುರೆಯಾಯಿತು. ಸಂಜೆ ಮನೆಗೆ ಬಂದು ಇವನು ಸಾಲೆಯ ಹುಡುಗನ ಹಾಗೆ ಕುಣಿದಾಡಿದ. “ಯವ್ವಾ, ಡೀಸೆಲ್ ಉಳೀತೈತಿ, ಏರಿನ್ಯಾಗ ಲಾರಿ ಹಿಂದ ಹಾಕ್ತೇನಿ,” ಎಂದು ನನ್ನನ್ನೇ ಕೂಡಿಸಿಕೊಂಡು ಬೈಪಾಸಿನವರೆಗೆ ಹೋಗಿ ಬಂದ. ನನಗೂ ಖುಷಿಯೇ ಆಯಿತು. ನಮಗೇನು ಗೊತ್ತು?

ವಿದ್ಯಾ ಮುದ್ದೇಬಿಹಾಳದಿಂದ ಬಂದ ದಿನ ಇವನೇ ಬಸ್‌ಸ್ಟ್ಯಾಂಡಿನಿಂದ ಕರೆತಂದ. ಗೇಟಿನಲ್ಲಿ ಇಳಿದವಳು ಬ್ಯಾಗನ್ನು ನೆಲಕ್ಕಿಟ್ಟು ಮೂಗು ಮುಚ್ಚಿಕೊಂಡು ನಿಂತಳು. ಆಮೇಲೆ ಚೂಡಿಯ ದುಪಟ್ಟಾ ಸೊಂಟಕ್ಕೆ ಬಿಗಿದು ಗಾಡಿಯ ಕೆಳಗೆ ಬಗ್ಗಿ ನೋಡಿದಳು. ಎದ್ದು ಕೈಯ ಮಣ್ಣು ಝಾಡಿಸಿಕೊಳ್ಳುತ್ತಾ ಕೇಳಿದಳು.

“ಕನ್ವರ್ಟರ್ ಎಲ್ಲಿ ಹೋತ್ರಿ?”

“ತಗಸೀನಿ. ಅದು ಬರೇ ಭಾರ.”

“ಭಾರ ಅಲ್ರಿ ಅದು. ನಿಮಗ ಯಾರ್ ಹೇಳಿದ್ರು?”

“ಇಡೀ ಜಿಲ್ಲಾ ತಗಸ್ತೈತಿ ವಿದ್ಯಾ. ನಿಂದೊಂದ ಶಾಸ್ತ್ರ.”

ಆವತ್ತು ಇಷ್ಟಕ್ಕೇ ಮುಗಿಯಿತು. ನಿನ್ನ ಮಗಳ ಬಗ್ಗೆ ನಿನಗೇ ನಾನು ಹೇಳಬೇಕೆ? ಜೋರು ಮಾಡುವವಳಲ್ಲ, ಆದರೆ ಹಿಡಿದದ್ದನ್ನು ಬಿಡುವವಳೂ ಅಲ್ಲ. ಮರುದಿನದಿಂದ ಆ ಕಾರಿನಲ್ಲಿ ಕೂಡುವುದನ್ನು ನಿಲ್ಲಿಸಿ ಸ್ಕೂಟಿಯ ಮೇಲೆ ಕೆಲಸಕ್ಕೆ ಹೋಗತೊಡಗಿದಳು.

ಅವಳ ಕೆಲಸವಂತೂ ನಿನಗೆ ಗೊತ್ತಿರುವುದೇ. ಪೆಟ್ರೋಲ್ ಬಂಕಿನ ಪಕ್ಕ ನಿಲ್ಲುವ ಆ ಹಸಿರು ವ್ಯಾನು, ಅದರೊಳಗೆ ಹೊಗೆ ಅಳೆಯುವ ಯಂತ್ರ ಮತ್ತು ಒಂದು ಕಂಪ್ಯೂಟರು. ಗಾಡಿಯ ಹೊಗೆ ಲೆಕ್ಕದೊಳಗೆ ಬಂದರೆ ಸರಕಾರದ ಸರ್ಟಿಫಿಕೇಟು. ಆ ವ್ಯಾನು ಹಾಕಿಕೊಟ್ಟವನು ಸಂಗಮೇಶನೇ. ಲೈಸೆನ್ಸಿಗೆಂದು ಅವನು ಎಷ್ಟು ಸಲ ಆರ್‌ಟಿಒ ಕಚೇರಿಗೆ ಅಲೆದನೋ! ಪೇಂಟರನ ಪಕ್ಕ ನಿಂತು “ವಿದ್ಯಾವತಿ” ಎಂದು ದಪ್ಪಗೆ ಬರೆಸಿದ. ಬಂದವರಿಗೆಲ್ಲ “ನಮ್ಮ ಮನಿಯಾಕಿ ಗಾಡಿ ಡಾಕ್ಟರ್ ಅದಾಳ್ರಿ” ಎಂದು ಹೇಳಿಕೊಂಡು ತಿರುಗಿದ. ಇದನ್ನು ಯಾಕೆ ಬರೆಯುತ್ತಿದ್ದೇನೆಂದರೆ, ಮುಂದಿನದನ್ನು ಓದಿ ನೀನು ನನ್ನ ಮಗನನ್ನು ಕೆಟ್ಟವನೆಂದುಕೊಳ್ಳಬಾರದು.

ಫೆಬ್ರುವರಿಯಲ್ಲಿ ಕಾರಿನ ಹೊಗೆ ಸರ್ಟಿಫಿಕೇಟಿನ ಅವಧಿ ಮುಗಿಯಿತು. ಒಂದು ಮಧ್ಯಾಹ್ನ ನಾನು ವಿದ್ಯಾಗೆ ಬುತ್ತಿ ಕೊಟ್ಟು ಅಲ್ಲೇ ಕುರ್ಚಿಯ ಮೇಲೆ ಕೂತಿದ್ದೆ. ಇವನು ಕಾರು ತಂದು ವ್ಯಾನಿನ ಮುಂದೆ ನಿಲ್ಲಿಸಿದ. ಎರಡು ಟ್ರ್ಯಾಕ್ಸ್ ಜೀಪು, ಒಂದು ಲಾರಿ ಪಾಳಿಯಲ್ಲಿದ್ದವು. ಅವಳು ಪಾಳಿ ಬಂದಾಗ ಸೈಲೆನ್ಸರಿನ ಬಾಯಿಗೆ ಕೊಳವೆ ತೂರಿಸಿದಳು. “ಆಕ್ಸಿಲೇಟರ್ ಒತ್ರಿ,” ಅಂದಳು. ಇವನು ಒತ್ತಿದ. ಗಾಡಿ ಗರ್ಜಿಸಿತು. ಮತ್ತೊಮ್ಮೆ, ಮಗದೊಮ್ಮೆ. ಯಂತ್ರದ ಮೇಲೆ ಅಂಕಿ ಮೂಡಿತು. ಜಯಾ, ಆಶ್ಚರ್ಯ ಕೇಳು, ಗಾಡಿ ಪಾಸಾಗಿತ್ತು!

ಇವನು ಇಳಿದು ಬಂದು ಪರದೆ ನೋಡಿ ಚಪ್ಪಾಳೆ ತಟ್ಟಿದ. “ನೋಡು, ನಿನ್ನ ಯಂತ್ರನ ಹೂಂ ಅಂತು. ಇನ್ನ ಪ್ರಿಂಟ್ ಹೊಡಿ.”

ಅವಳು ಕೊಳವೆ ಹೊರಗೆಳೆದು ಸುತ್ತಿಟ್ಟಳು. ಆಮೇಲೆ ಮೆಲ್ಲಗೆ ಹೇಳಿದಳು: “ಈ ಯಂತ್ರ ಕರಿ ಹೊಗಿ ಎಷ್ಟ ದಟ್ಟ ಐತಿ ಅನ್ನೂದು ಅಷ್ಟ ನೋಡ್ತೈತ್ರಿ. ಕಣ್ಣಿಗೆ ಕಾಣದ್ದು ಅದಕ್ಕ ಗೊತ್ತಾಗೂದಿಲ್ಲ. ಡಬ್ಬಿ ತಗದದ್ದು ನನಗ ಗೊತ್ತೈತಿ. ಗೊತ್ತಿದ್ದು ನಾ ಹೆಂಗ ಕೊಡ್ಲಿ?”

“ಬ್ಯಾರೆಯವ್ರ ಗಾಡಿ ಕೆಳಗ ಬಗ್ಗಿ ನೋಡ್ತಿ ಏನ?”

“ಇಲ್ಲ. ನೋಡಬೇಕಿತ್ತು ಅಂತ ಈಗ ಅನಸಾಕತ್ತೈತಿ.”

ಲಾರಿಯ ಡ್ರೈವರ್ ನಕ್ಕ. ಅದೇ ತಪ್ಪಾಯಿತು. ಸಂಗಮೇಶನ ಮುಖ ಕೆಂಪಾಯಿತು, ಬಾಗಿಲು ದಡಾರನೆ ಹಾಕಿಕೊಂಡು ಹೋದ. ಸಂಜೆ ಮನೆಗೆ ಬರುವಾಗ ಕೈಯಲ್ಲಿ ಸರ್ಟಿಫಿಕೇಟಿತ್ತು. ಬೇರೆ ಯಾವುದೋ ಊರಲ್ಲಿ ಮಾಡಿಸಿಕೊಂಡು ಬಂದಿದ್ದ. ಅಲ್ಲಿ ಯಾರೂ ಏನೂ ಕೇಳಿರಲಿಲ್ಲ. ಪರೀಕ್ಷೆ ಸರಿಯಾಗಿಯೇ ಆಗಿತ್ತು, ಅಂಕಿಯೂ ಸರಿಯಾಗಿಯೇ ಇತ್ತು. ಅದನ್ನು ಟೀವಿಯ ಮುಂದೆ ಎಲ್ಲರಿಗೂ ಕಾಣುವ ಹಾಗೆ ಇಟ್ಟ. ಇವರು ಕನ್ನಡಕ ಹಾಕಿಕೊಂಡು ಓದಿ, “ಸರಕಾರನ ಪಾಸ್ ಅಂತೈತಿ. ಇನ್ನ ಇಬ್ರೂ ಸಾಕ್ ಮಾಡ್ರಿ,” ಎಂದು ತೀರ್ಪು ಕೊಟ್ಟರು. ವಿದ್ಯಾ ತಾಟಿನಲ್ಲಿದ್ದ ಅನ್ನ ಮುಗಿಸಿ ಎದ್ದು ಹೋದಳು.

ಆಮೇಲೆ ಇವರ ತಪಾಸಣೆಯ ದಿನ ಬಂತು. ಎದೆಯ ಡಾಕ್ಟರು ವಿಜಯಪುರದಲ್ಲಿ ತಾನೆ, ಆರು ತಿಂಗಳಿಗೊಮ್ಮೆ ಹೋಗಲೇಬೇಕು. “ನೀನೂ ಬಾರವ್ವಾ, ಡಾಕ್ಟರು ಇಂಗ್ಲಿಷಿನ್ಯಾಗ ಹೇಳಿದ್ದು ನಮಗ ತಿಳಿಯೂದಿಲ್ಲ,” ಎಂದು ನಾನು ವಿದ್ಯಾಳನ್ನು ಕರೆದೆ. ನನ್ನ ಮಾತಿಗೆಂದು ಅವಳು ಹೊರಟಳು. ಸಂಗಮೇಶ ಮತ್ತು ಅವಳು ಮುಂದೆ, ನಾವಿಬ್ಬರು ಹಿಂದೆ. ಕೂತ ತಕ್ಷಣ ಅವಳು ತಿರುಗಿ, “ಅತ್ತಿ, ಕಿಡಕಿ ತಗದ ಇಡ್ರಿ,” ಅಂದಳು. ತೆಗೆದೆವು. ಆದರೆ ಹೊಲ ಹೊಲದಲ್ಲೂ ಜೋಳದ ರಾಶಿ ನಡೆದಿತ್ತು, ಮಷೀನಿನ ಹೊಟ್ಟು ಮೋಡದ ಹಾಗೆ ರಸ್ತೆಗೆ ಬರುತ್ತಿತ್ತು. ಇವರಿಗೆ ಕೆಮ್ಮು ಶುರುವಾಯಿತು. “ಧೂಳ ಬ್ಯಾಡಪ್ಪ, ಮುಚ್ಚ,” ಎಂದು ಇವರೇ ಗಾಜು ಏರಿಸಿದರು. ಸಂಗಮೇಶ ಅಪ್ಪನಿಗೆ ತಂಪಾಗಲೆಂದು ಎಸಿ ಜೋರು ಮಾಡಿದ. ಅವನೂ ಅಪ್ಪನ ಮೇಲಿನ ಅಕ್ಕರೆಯಿಂದಲೇ ಮಾಡಿದ್ದು.

ದೇವರ ಹಿಪ್ಪರಗಿ ದಾಟಿದ ಮೇಲೆ ರಸ್ತೆಯಲ್ಲಿ ಒಂದು ದೊಡ್ಡ ತಗ್ಗು ಬಂತು. ಗಾಡಿಯ ಹೊಟ್ಟೆ ನೆಲಕ್ಕೆ ಬಡಿದ ಸಪ್ಪಳ ಕೇಳಿಸಿತು. ಅದಾದ ಸ್ವಲ್ಪ ಹೊತ್ತಿಗೆ ನನಗೆ ತಲೆ ಹಿಡಿದ ಹಾಗಾಯಿತು. ಹೊಟ್ಟೆ ತೊಳಸಿತು. ಗಾಡಿಯಲ್ಲಿ ಕೂತು ರೂಢಿಯಿಲ್ಲ, ಪಿತ್ತ ಇರಬೇಕೆಂದು ಸುಮ್ಮನಿದ್ದೆ. ಇವರ ಕಡೆ ನೋಡಿದರೆ ತಲೆ ಗಾಜಿಗೆ ಆನಿಸಿ ಕಣ್ಣು ಮುಚ್ಚಿದ್ದರು. ನಿದ್ದೆ ಬಂದಿದೆ ಎಂದುಕೊಂಡೆ. ಆದರೆ ಎದೆ ಬಹಳ ಮೇಲೆ ಕೆಳಗೆ ಆಗುತ್ತಿತ್ತು, ತುಟಿಯ ಬಣ್ಣ ಕಪ್ಪಿಗೆ ತಿರುಗಿತ್ತು. “ಏನ್ರೀ,” ಎಂದು ಭುಜ ಅಲ್ಲಾಡಿಸಿದೆ. ಉತ್ತರವಿಲ್ಲ, ಎದೆಯಿಂದ ಸೀಟಿಯಂಥ ಸಪ್ಪಳ ಅಷ್ಟೇ.

ವಿದ್ಯಾ ಹಿಂತಿರುಗಿ ನೋಡಿದಳು. “ಗಾಡಿ ನಿಲ್ಲಸ್ರಿ!”

“ಏನಾತು? ದಮ್ಮ ಐತಿ ಅಪ್ಪಗ, ದವಾಖಾನಿಗೇ ಹೊಂಟೇವಲ್ಲ. ಜೋರ್ ಹೊಡೀತೇನಿ ತಡಿ.”

“ನಿಲ್ಲಸ್ರಿ ಅಂದೆ!”

ಆ ಧ್ವನಿಯನ್ನು ನಾನು ಮೊದಲು ಕೇಳಿರಲಿಲ್ಲ. ಗಾಡಿ ನಿಂತಿತು. ಅವಳು ಇಳಿದು ಓಡಿ ಬಂದು ನಾಲ್ಕೂ ಬಾಗಿಲು ತೆರೆದಳು. ಇವರ ಬಗಲಿಗೆ ಕೈ ಹಾಕಿ ಎಳೆದಳು. ಸಂಗಮೇಶನೂ ಕಾಲು ಹಿಡಿದ. ರಸ್ತೆಯ ಬದಿಯ ಬೇವಿನ ಮರದ ಬುಡಕ್ಕೆ ಒಯ್ದು ಒರಗಿಸಿದರು. ಅವಳು ಅಂಗಿಯ ಗುಂಡಿ ಬಿಚ್ಚಿ, ನನ್ನ ಕೈಚೀಲದಿಂದ ದಮ್ಮಿನ ಪಂಪು ತೆಗೆದು ಬಾಯಿಗೆ ಹಿಡಿದಳು. “ಮಾವಾರ, ನನ್ನ ಕೂಡ ಉಸ್ರ ತಗೋರ್ರಿ. ಹಾಂ, ಇನ್ನೊಮ್ಮಿ,” ಎಂದು ತಾನೂ ಉಸಿರೆಳೆಯುತ್ತಾ ಅವರಿಗೆ ತೋರಿಸುತ್ತಿದ್ದಳು. ನಾನು ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟೆ.

ಇಂಡಿಯಲ್ಲಿ ಹಚ್ಚಿದ ಪೈಪಿನ ವೆಲ್ಡಿಂಗು ಆ ತಗ್ಗಿಗೆ ಬಿಟ್ಟುಕೊಂಡಿತ್ತು. ಗಾಡಿಯ ನೆಲದಲ್ಲಿ ಎಲ್ಲೋ ಒಂದು ರಬ್ಬರಿನ ಬಿರಡೆಯೂ ಹೋಗಿತ್ತಂತೆ. ಹೊಗೆ ಹಿಂದೆ ಹೋಗದೆ ನೆಟ್ಟಗೆ ನಮ್ಮ ಕಾಲ ಬುಡಕ್ಕೆ ಬರುತ್ತಿತ್ತು. ಇದು ಆಮೇಲೆ ತಿಳಿದದ್ದು. ಆಗ ನಮಗೆ ಗೊತ್ತಿದ್ದದ್ದು ಇಷ್ಟೇ: ಇವರಿಗೆ ಸ್ವಲ್ಪ ಕಣ್ಣು ತೆರೆಯುವ ಹಾಗಾಯಿತು, ಆದರೆ ದವಾಖಾನೆ ಇನ್ನೂ ದೂರವಿತ್ತು.

ಅಷ್ಟರಲ್ಲಿ ಜನ ಕೂಡಿದರು. ರಾಶಿ ಮಾಡುತ್ತಿದ್ದವರು ಹೊಲದಿಂದ ಓಡಿ ಬಂದರು, ಎರಡು ಬೈಕು ನಿಂತವು. ಸಂಗಮೇಶ ಬೆವರಿ ನಿಂತಿದ್ದ. “ಕಿಡಕಿ ಎಲ್ಲಾ ತಗದು ಹೋಗೂಣು, ಏಳಸ್ರಿ ಅಪ್ಪನ್ನ,” ಎಂದು ಬಂದ. ವಿದ್ಯಾ ಅಡ್ಡ ನಿಂತಳು.

“ಆ ಗಾಡ್ಯಾಗ ಮತ್ತ ಕೂಡಸಾಕ ನಾ ಬಿಡಂಗಿಲ್ಲ. ಅದ್ರಾಗ ವಿಷ ತುಂಬೈತಿ. ನೀವ ನಿಮ್ಮ ಕೈಯಾರೆ ತುಂಬಿಸೀರಿ. ನಾ ಎಷ್ಟ್ ಸಲ ಹೇಳಿದ್ನಿ!”

ಸಂಗಮೇಶ ಹಿಂದಕ್ಕೆ ಸರಿದ.

ಆ ಹೊತ್ತಿಗೆ ಬಂದವರು ಮಾಳಿಂಗಪ್ಪ ಮತ್ತು ಅವನ ಹೆಂಡತಿ ಇಂದ್ರಾಬಾಯಿ. ಕುರಿ ಸಾಗಿಸುವ ಪಿಕಪ್ ಗಾಡಿ ಅವರದು, ವಿಜಯಪುರದ ಕಡೆಗೇ ಹೊರಟಿದ್ದರು. ಮಾಳಿಂಗಪ್ಪ ಒಂದು ಸಲ ನೋಡಿದವನೇ, “ಅಜ್ಜಾರನ್ನ ಮುಂದ ಕೂಡಸ್ರಿ, ಕಿಡಕಿ ಕಡಿಗೆ. ನಮ್ಮ ಗಾಡಿಗೆ ಎಸಿನೂ ಇಲ್ಲ ಪಿಸಿನೂ ಇಲ್ಲ, ಬರೇ ಗಾಳಿ,” ಎಂದ. ಇಂದ್ರಾಬಾಯಿ ತಾನು ಕೂತ ಜಾಗ ಬಿಟ್ಟು, ಸೀರೆ ಮೇಲೆತ್ತಿ ಕಟ್ಟಿ ಹಿಂದೆ ಕುರಿಗಳ ನಡುವೆ ಹತ್ತಿಬಿಟ್ಟಳು. ನಾನು ಏನೋ ಹೇಳಲು ಹೋದರೆ, “ಕುರಿ ಜೋಡಿ ಹುಟ್ಟಿ ಬೆಳದೇನಿ ಯಕ್ಕಾ, ನೀ ಬಾ,” ಎಂದು ನನಗೇ ಕೈ ಕೊಟ್ಟು ಮೇಲೆಳೆದುಕೊಂಡಳು. ಮುಂದೆ ಮಾವನನ್ನು ಎದೆಗೆ ಒರಗಿಸಿಕೊಂಡು ವಿದ್ಯಾ, ಹಿಂದೆ ಕುರಿಗಳ ನಡುವೆ ನಾವಿಬ್ಬರು. ದಾರಿಯುದ್ದಕ್ಕೂ ಆ ಹೆಣ್ಣುಮಗಳು ನನ್ನ ಬೆನ್ನು ಸವರುತ್ತಿದ್ದಳು. ಯಾವ ಊರು, ಏನು ಹೆಸರು ಎಂದು ಕೇಳುವ ಬುದ್ಧಿಯೂ ನನಗಿರಲಿಲ್ಲ. ಆಮೇಲೆ ಅವಳೇ ದವಾಖಾನೆಗೆ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ನೋಡಲು ಬಂದಾಗ ಹೆಸರು ತಿಳಿಯಿತು. ನನ್ನ ಹತ್ತಿರದ ಇಳಕಲ್ ಸೀರೆ ಉಡಿಸಿದೆ. ಬೇಡ ಬೇಡ ಎಂದು ಕಡೆಗೆ ಉಟ್ಟುಕೊಂಡು ನಾಚಿ ನಿಂತಳು ನೋಡು, ನನಗೆ ತಂಗಿ ಇಲ್ಲದ ಕೊರತೆ ಅಂದಿಗೆ ತೀರಿತು.

ದವಾಖಾನೆಯಲ್ಲಿ ಆಕ್ಸಿಜನ್ ಹಚ್ಚಿದರು, ಸಲೈನು, ಸೂಜಿ, ಏನೇನೋ. ಸಂಜೆಯ ಹೊತ್ತಿಗೆ ಇವರ ಮುಖಕ್ಕೆ ಬಣ್ಣ ಬಂತು. ಡಾಕ್ಟರು ಹೊರಗೆ ಬಂದು ಕೇಳಿದರು: “ಗಾಡಿಯಿಂದ ಇವ್ರನ್ನ ಇಳಿಸಿದವ್ರು ಯಾರು?” ನಾನು ವಿದ್ಯಾಳ ಬೆನ್ನ ಮೇಲೆ ಕೈ ಇಟ್ಟೆ. “ಇವ್ರ ಎದಿ ಮೊದಲ ಸೋತೈತಿ. ಆ ಹೊಗಿಯೊಳಗ ವಿಜಯಪುರತನ ಬಂದಿದ್ರ ನನ್ನ ಕೈಯಾಗ ಏನೂ ಉಳೀತಿರಲಿಲ್ಲ,” ಎಂದರು. ವಿದ್ಯಾ ಅಲ್ಲೇ ಬೆಂಚಿನ ಮೇಲೆ ಕೂತು ಮೊದಲ ಸಲ ಅತ್ತಳು.

ವಾರವಾದ ಮೇಲೆ ಮನೆಗೆ ಬಂದೆವು. ಸಂಗಮೇಶ ಅಷ್ಟರಲ್ಲಿ ಹೊಸ ಕನ್ವರ್ಟರ್ ತರಿಸಿ, ವಿಜಯಪುರದ ದೊಡ್ಡ ಸರ್ವಿಸಿನಲ್ಲಿ ಎದುರಿಗೇ ನಿಂತು ಹಾಕಿಸಿದ್ದ. ಟೀವಿಯ ಮುಂದಿನ ಆ ಸರ್ಟಿಫಿಕೇಟನ್ನು ಹರಿದು ಒಲೆಗೆ ಹಾಕಿದ. ಇವರು ಮಾತ್ರ ಕೂತಲ್ಲಿ ನಿಂತಲ್ಲಿ ಸೊಸೆಯ ಗುಣಗಾನ ಮಾಡುತ್ತಿದ್ದಾರೆ. ಎಪಿಎಂಸಿಯ ರಾಚಪ್ಪ ಬಂದರೂ ಅದೇ ಕತೆ, ಓಣಿಯ ಗುಂಡವ್ವ ಬಂದರೂ ಅದೇ ಕತೆ. “ನನಗ ಮಗಳಿಲ್ಲ ಅಂತಿದ್ದೆ. ಸತ್ತವನ್ನ ಎಳಕೊಂಡ ಬಂದ್ಳು ನೋಡ್ರಿ,” ಎನ್ನುತ್ತಾರೆ. ಕೇಳಿದವರಲ್ಲಿ ಎಷ್ಟೋ ಜನ ನೆಟ್ಟಗೆ ವ್ಯಾನಿನ ಹತ್ತಿರ ಹೋಗಿ “ನಮ್ಮ ಗಾಡಿ ಹೊಟ್ಟಿ ಕೆಳಗೂ ಒಂಚೂರ ನೋಡವಾ” ಎನ್ನುತ್ತಿದ್ದಾರಂತೆ. ಹಾಗೆ ನೋಡಿದಾಗ ಎರಡು ಗಾಡಿಗಳಲ್ಲಿ ಡಬ್ಬಿ ಇರಲಿಲ್ಲವಂತೆ. ಅವಳು ಈಗ ಪ್ರತಿ ಗಾಡಿಯ ಕೆಳಗೂ ಬಗ್ಗಿ ನೋಡಿಯೇ ಕೊಳವೆ ಹಚ್ಚುತ್ತಾಳೆ. ಒಬ್ಬಿಬ್ಬರು ಬೈದುಕೊಂಡು ಬೇರೆ ಊರಿಗೆ ಹೋಗುತ್ತಾರೆ. ಹೋಗಲಿ.

ಜಯಾ, ದೇವರು ನನಗೆ ಮಗಳನ್ನು ಕೊಡಲಿಲ್ಲವೆಂದು ನಾನು ನಿನ್ನ ಮುಂದೆ ಎಷ್ಟು ಸಲ ಅತ್ತಿದ್ದೇನೆ. ಮಗಳನ್ನು ನಿನ್ನ ಹೊಟ್ಟೆಯಲ್ಲಿಟ್ಟು ಬೆಳೆಸಿ ನನ್ನ ಮನೆಗೆ ಕಳಿಸಿದನಲ್ಲ, ಇನ್ನು ಅಳುವುದಿಲ್ಲ. ನಿನ್ನ ಋಣವನ್ನು ತೀರಿಸುತ್ತೇನೆಂದು ಹೇಳುವುದಿಲ್ಲ. ಗೆಳತಿಯ ಋಣ ಮೈಮೇಲೆ ಇರಲಿ ಎಂದೇ ನನ್ನ ಆಸೆ. ಯುಗಾದಿಗೆ ಬಾ. ಹೋಳಿಗೆ ನಾನು ಮಾಡುತ್ತೇನೆ, ನೀನು ಕೂತು ತಪ್ಪು ಹುಡುಕುವೆಯಂತೆ. ಕಿವಿಗೆ ಹಾಕುವ ಔಷಧ ಬಿಡಬೇಡ. ನಿನ್ನ ಮನೆಯ ದೀಪ ಸದಾ ಉರಿಯಲಿ, ನಿನ್ನ ಮಗಳ ಮಡಿಲು ತುಂಬಲಿ, ನೀನು ನೂರು ಕಾಲ ಕೇಳಿಯೂ ಕೇಳಿಸದವಳ ಹಾಗೆ ಸುಖವಾಗಿರು.

ನಿನ್ನ ಹಳೆಯ ಬೆಂಚಿನವಳು,
ರುಕ್ಮವ್ವ

ತಾ. ಕ.: ಮೇಲಿನದನ್ನೆಲ್ಲ ವಿದ್ಯಾ ಓದಿದಳು. “ಅತ್ತಿ, ಭಾಳ ಹೊಗಳೀರಿ,” ಎಂದು ನಕ್ಕು ಕೆಲಸಕ್ಕೆ ಹೋದಳು. ಇನ್ನು ಬರೆಯುವುದು ಅವಳು ಓದದ್ದು. ಇದನ್ನು ನಿನ್ನಲ್ಲೇ ಇಟ್ಟುಕೋ.

ಆ ಬೇವಿನ ಮರದ ಬುಡದಿಂದ ಇವತ್ತಿನವರೆಗೆ ಸಂಗಮೇಶ ಅವಳೊಡನೆ ಒಂದು ಮಾತೂ ಆಡಿಲ್ಲ. ಬೈಯುವುದಿಲ್ಲ, ಸಿಡಿಯುವುದಿಲ್ಲ. ಅವಳು ಬಡಿಸಿದ್ದನ್ನು ತಲೆ ಬಗ್ಗಿಸಿ ಉಂಡು ಏಳುತ್ತಾನೆ. ಏನಾದರೂ ಬೇಕಿದ್ದರೆ ನನಗೆ ಹೇಳುತ್ತಾನೆ. ಅವಳು ಹಿಂದಿನ ವಾರ ನನ್ನ ಕೇಳಿದಳು: “ಅತ್ತಿ, ಮಂದಿ ಮುಂದ ನಾ ಅಷ್ಟ ಅನಬಾರದಿತ್ತೇನ್ರಿ?” ಅನ್ನದಿದ್ದರೆ ನಿಮ್ಮ ಮಾವ ಇರುತ್ತಿರಲಿಲ್ಲ ಎಂದೆ. “ಅದು ಖರೇ. ಆದ್ರ ಮಾವಾರನ್ನ ಉಳಿಸಿಕೊಂಡ ಇವ್ರನ್ನ ಕಳಕೊಂಡ್ನೇನೋ,” ಎಂದಳು.

ನಾನು ಅವನನ್ನು ಹಿತ್ತಲಿಗೆ ಕರೆದು ಕೇಳಿದೆ. ಅವನು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: “ಯವ್ವಾ, ಆಕಿ ಮ್ಯಾಲ ನನಗ ಸಿಟ್ಟಿಲ್ಲ. ಆಕಿ ಅಂದದ್ದು ಖರೇನ ಐತಿ. ಖರೇ ಇದ್ದದ್ದಕ್ಕ ಆಕಿ ಮಾರಿ ನೋಡಾಕ ಆಗವಲ್ದು. ಮನಿಗೆ ಬಂದವ್ರಿಗೆಲ್ಲಾ ಅಪ್ಪ ಆ ಕತಿ ಹೇಳ್ತಾನ. ಆಕಿ ಉಳಿಸಿದ್ಳು ಅಂತಾನ. ಕೊಂದಾಂವ ಯಾರು ಅಂತ ಹೇಳೂದಿಲ್ಲ. ಹೇಳೂದ ಬ್ಯಾಡ, ನಾ ಅಲ್ಲೇ ಕುಂತಿರ್ತೇನಲ್ಲ.”

ನಾನು ಇವರಿಗೆ ತಿಳಿಸಿದೆ. ನಿನ್ನೆ ಬಜಾರಿನವರು ಬಂದು “ಆವತ್ತ ಏನಾತ್ರಿ ಸಾವಕಾರ?” ಎಂದರು. ಇವರು ಬಾಯಿ ತೆರೆದು, ಮಗನ ಕಡೆ ನೋಡಿ, “ಏನಿಲ್ರಿ, ದಮ್ಮ ಎದ್ದಿತ್ತು. ಮಗಾ ಸೊಸಿ ಕೂಡಿ ದವಾಖಾನಿಗೆ ಒಯ್ದ್ರು,” ಎಂದಷ್ಟೇ ಹೇಳಿದರು. ಸಂಗಮೇಶ ಎದ್ದು ಒಳಗೆ ಹೋದ. ಬಹಳ ಹೊತ್ತು ಹೊರಗೆ ಬರಲಿಲ್ಲ.

ಅದಕ್ಕೇ ಯುಗಾದಿಯವರೆಗೆ ಕಾಯಬೇಡ, ಪತ್ರ ಮುಟ್ಟಿದ ಕೂಡಲೇ ಬಾ. ನನ್ನ ಮಾತಿಗೆ ತಾಯಿಯ ಕರುಳೆಂದು ಅವನು ಕಿವಿ ಕೊಡುವುದಿಲ್ಲ. ನಿನ್ನ ಮಾತಾದರೆ ಬೇರೆ. ಬಂದವಳು ಮೊದಲು ಮಗಳನ್ನು ಅಪ್ಪಿಕೊಳ್ಳಬೇಡ. ಮೊದಲು ಅವನ ಹತ್ತಿರ ಹೋಗು. ಹೇಗಿದ್ದೀರಿ ಅಳಿಯಂದಿರೇ ಎಂದು ಕೇಳು. ಆ ಗಾಡಿಯಲ್ಲಿ ಅವನೂ ಇದ್ದ, ಜಯಾ. ಅದೇ ಹೊಗೆಯನ್ನು ಅವನೂ ಕುಡಿದ. ಇಲ್ಲಿಯವರೆಗೆ ಅವನನ್ನು ಯಾರೂ ಹಾಗೆ ಕೇಳಿಲ್ಲ.